ಕೊಳ್ಳಲು ಬಂದವರು ಬರಿಗೈಲಿ ಹೋದರು, ನಿಯಮಗಳು ಮಾತ್ರ ಬದಲಾದವು: ಧ್ರುವಗಳಲ್ಲಿ ಚೀನಾ

ನಕ್ಷೆಗಾರ

ಧ್ರುವ ಪ್ರದೇಶಗಳಲ್ಲಿ ಚೀನಾ ಏನೇನು ಗಳಿಸಿದೆ ಎಂಬ ಪಟ್ಟಿಯನ್ನು ಎಲ್ಲರೂ ಹಾಕುತ್ತಾರೆ. ಅದಕ್ಕೆ ಏನೇನು ದಕ್ಕಲಿಲ್ಲ ಎಂಬ ಪಟ್ಟಿ ನನಗೆ ಹೆಚ್ಚು ಸ್ವಾರಸ್ಯಕರವಾಗಿ ಕಂಡಿದೆ.

2011ರಲ್ಲಿ ಹುವಾಂಗ್ ನುಬೊ ಎಂಬ ಚೀನೀ ಉದ್ಯಮಿ ಐಸ್‌ಲ್ಯಾಂಡಿನ ಈಶಾನ್ಯದಲ್ಲಿ ಸುಮಾರು 300 ಚದರ ಕಿಲೋಮೀಟರ್ ನೆಲ ಕೊಳ್ಳಲು ಮುಂದಾದರು. ಪ್ರವಾಸೋದ್ಯಮಕ್ಕೆ ಎಂದರು. ಅಲ್ಲಿನ ಆಂತರಿಕ ಸಚಿವರು ಒಪ್ಪಲಿಲ್ಲ. 2016ರಲ್ಲಿ ಹಾಂಗ್‌ಕಾಂಗ್‌ನಲ್ಲಿ ನೋಂದಾಯಿತವಾದ ಗಣಿ ಕಂಪನಿಯೊಂದು ಡೆನ್ಮಾರ್ಕಿನ ಸ್ವಯಮಾಡಳಿತ ಪ್ರದೇಶವಾದ ಗ್ರೀನ್‌ಲ್ಯಾಂಡಿನ ಗ್ರೋನೆಡಾಲ್ ನೌಕಾನೆಲೆಯನ್ನು ಕೇಳಿತು. ಬೇಡವೆಂದು ಬಾಗಿಲು ಹಾಕಿ ಮಾರಾಟಕ್ಕಿಟ್ಟಿದ್ದ ಆ ನೆಲೆ ಡೆನ್ಮಾರ್ಕಿಗೆ ಥಟ್ಟನೆ ಮತ್ತೆ ಬೇಕಾಯಿತು. 2018ರಲ್ಲಿ ಗ್ರೀನ್‌ಲ್ಯಾಂಡಿನ ವಿಮಾನ ನಿಲ್ದಾಣಗಳನ್ನು ಕಟ್ಟುವ ಅಂತಿಮ ಪಟ್ಟಿಯಲ್ಲಿ ಚೀನಾದ ಸರ್ಕಾರಿ ನಿರ್ಮಾಣ ಕಂಪನಿಯ ಹೆಸರು ಕಾಣಿಸಿತು. ಕೂಡಲೇ ಡೆನ್ಮಾರ್ಕ್ 70 ಕೋಟಿ ಕ್ರೋನರ್ ಕೊಟ್ಟು ವಿಮಾನ ನಿಲ್ದಾಣ ಕಂಪನಿಯ ಮೂರನೇ ಒಂದು ಪಾಲು ತೆಗೆದುಕೊಂಡಿತು. ಚೀನೀ ಕಂಪನಿ ಮರುವರ್ಷ ಹಿಂದೆ ಸರಿಯಿತು. ಅದೇ 2018ರಲ್ಲಿ ಚೀನಾದ ಧ್ರುವ ಸಂಶೋಧನಾ ಸಂಸ್ಥೆ ಫಿನ್‌ಲ್ಯಾಂಡಿನ ಲ್ಯಾಪ್‌ಲ್ಯಾಂಡ್‌ನಲ್ಲಿರುವ ಕೆಮಿಯಾರ್ವಿ ವಿಮಾನ ನಿಲ್ದಾಣವನ್ನು ಕೊಳ್ಳುವ ಅಥವಾ ಗುತ್ತಿಗೆಗೆ ಪಡೆಯುವ ಪ್ರಸ್ತಾವ ಇಟ್ಟಿತು. ಸೇನೆಯ ಫಿರಂಗಿ ತಾಲೀಮು ಪ್ರದೇಶ ಪಕ್ಕದಲ್ಲೇ ಇದೆ. ಮಾತು ಮುಂದೆ ಹೋಗಲಿಲ್ಲ. 2020ರ ಡಿಸೆಂಬರಿನಲ್ಲಿ ಕೆನಡಾ ನುನಾವುಟ್‌ನ ಹೋಪ್ ಬೇ ಚಿನ್ನದ ಗಣಿಯನ್ನು ಚೀನಾದ ಶಾಂಡಾಂಗ್ ಗೋಲ್ಡ್ ಕಂಪನಿ ಕೊಳ್ಳದಂತೆ ತಡೆಯಿತು. 2024ರಲ್ಲಿ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ಖಾಸಗಿಯವರ ಕೈಯಲ್ಲಿ ಉಳಿದಿದ್ದ ಸೋರೆ ಫಾಗರ್‌ಫ್ಯೋರ್ಡ್ ಜಮೀನು ಮಾರಾಟಕ್ಕೆ ಬಂದಾಗ, ಕೊಳ್ಳುವವರು ಚೀನೀಯರಾಗಬಹುದು ಎಂಬ ಅನುಮಾನ ಎದ್ದದ್ದೇ ತಡ, ನಾರ್ವೆ ರಾಷ್ಟ್ರೀಯ ಭದ್ರತೆಯ ಕಾನೂನು ಬಳಸಿ ಮಾರಾಟವನ್ನೇ ನಿಲ್ಲಿಸಿತು.

ಇಷ್ಟೆಲ್ಲ ಸೋಲಿನಿಂದ ಚೀನಾಕ್ಕೆ ಒಂದು ಎಕರೆಯೂ ದಕ್ಕಲಿಲ್ಲ. ಆದರೆ ತಿರಸ್ಕೃತವಾದ ಒಂದೊಂದು ಅರ್ಜಿಯ ಹಿಂದೆಯೂ ಒಂದು ಕಾನೂನೋ, ಒಂದು ಬಜೆಟ್ ಸಾಲೋ, ಒಂದು ಹೊಸ ದೂತಾವಾಸವೋ ಉಳಿದುಕೊಂಡಿದೆ. ಅಮೆರಿಕ 2020ರಲ್ಲಿ ಗ್ರೀನ್‌ಲ್ಯಾಂಡಿನ ರಾಜಧಾನಿ ನೂಕ್‌ನಲ್ಲಿ ಕಾನ್ಸುಲೇಟ್ ಮತ್ತೆ ತೆರೆಯಿತು. ಡೆನ್ಮಾರ್ಕ್‌ನಲ್ಲಿ ವಿದೇಶಿ ಹೂಡಿಕೆಯನ್ನು ಸೋಸುವ ಕಾಯಿದೆ 2021ರಲ್ಲಿ ಜಾರಿಗೆ ಬಂತು. ಹಾಗಾಗಿ ನನ್ನ ವಾದ ಇಷ್ಟು: ಉತ್ತರ ಧ್ರುವದ ಇಂದಿನ ನೀತಿಗಳನ್ನು ಬರೆಸಿದ್ದು ಚೀನಾ ಅಲ್ಲಿ ಮಾಡಿದ ಕೆಲಸಗಳಲ್ಲ, ಮಾಡಲಾಗದೆ ಹೋದ ಕೆಲಸಗಳು. ಒಪ್ಪದವರು ಹೇಳಿ.

ಕೊಂಕುನೋಟ

ಒಪ್ಪುವುದಿಲ್ಲ. ಡೆನ್ಮಾರ್ಕ್ ದಶಕಗಳ ಕಾಲ ಗ್ರೀನ್‌ಲ್ಯಾಂಡಿಗೆ ವಾರ್ಷಿಕ ಅನುದಾನ ಕಳಿಸಿ ಕರ್ತವ್ಯ ಮುಗಿಯಿತೆಂದು ಕುಳಿತಿತ್ತು. ಅಲ್ಲಿನವರು ಉದ್ದದ ರನ್‌ವೇ ಕೇಳಿ ಕೇಳಿ ದಣಿದಿದ್ದರು. ಚೀನಾದ ಹೆಸರು ಬಂದಾಗ ಕೆಲವೇ ತಿಂಗಳುಗಳಲ್ಲಿ ಹಣ ಹುಟ್ಟಿತು. ಇದರಲ್ಲಿ ಚೀನಾದ ಮಹತ್ವಾಕಾಂಕ್ಷೆ ಎಷ್ಟು, ಡೆನ್ಮಾರ್ಕಿನ ಸೋಮಾರಿತನ ಎಷ್ಟು ಎಂದು ತೂಗಿ ನೋಡಿ. ಫಿನ್‌ಲ್ಯಾಂಡ್ 2020ರಿಂದ ಐರೋಪ್ಯ ಒಕ್ಕೂಟದ ಆಚೆಯವರು ಜಮೀನು ಕೊಳ್ಳಲು ರಕ್ಷಣಾ ಸಚಿವಾಲಯದ ಅನುಮತಿ ಬೇಕೆಂದದ್ದು ಮುಖ್ಯವಾಗಿ ರಷ್ಯನ್ನರ ಆಸ್ತಿ ಖರೀದಿಗಳಿಗೆ ಬೆದರಿ. ಕಂಡದ್ದನ್ನೆಲ್ಲ ಚೀನಾದ ಖಾತೆಗೆ ಬರೆಯಬೇಡಿ.

ನಕ್ಷೆಗಾರ

ಫಿನ್‌ಲ್ಯಾಂಡಿನ ಕಾಯಿದೆಯನ್ನು ನಾನು ಪಟ್ಟಿಯಲ್ಲಿ ಸೇರಿಸಿಯೇ ಇಲ್ಲ, ಮೇಲೆ ನೋಡಿ. ವಿಮಾನ ನಿಲ್ದಾಣದ ವಿಷಯದಲ್ಲಿ ನೀವು ಹೇಳುತ್ತಿರುವುದು ನನ್ನ ವಾದವನ್ನೇ ಗಟ್ಟಿ ಮಾಡುತ್ತದೆ. ಮೂರನೆಯವನೊಬ್ಬ ಬಾಗಿಲಲ್ಲಿ ನಿಂತದ್ದರಿಂದ ತಾನೇ ಇವರ ಸೋಮಾರಿತನ ಬಿಟ್ಟದ್ದು?

ಮಂಜಿನಹಾದಿ

ಗ್ರೀನ್‌ಲ್ಯಾಂಡಿನವರನ್ನು ಇಬ್ಬರೂ ಸುಮ್ಮನೆ ನಿಂತ ನೆಲದ ಹಾಗೆ ಮಾತನಾಡುತ್ತಿದ್ದೀರಿ. ಅವರು ಈ ಆಟವನ್ನು ಚೆನ್ನಾಗಿಯೇ ಆಡಿದರು. ಆಗಿನ ಪ್ರಧಾನಿ ಕಿಮ್ ಕೀಲ್ಸನ್ 2017ರಲ್ಲಿ ಬೀಜಿಂಗ್‌ಗೆ ನಿಯೋಗ ಕರೆದೊಯ್ದರು. ವಿಮಾನ ನಿಲ್ದಾಣದ ಹಣ ಬಂದಾಗಲೂ ಎಲ್ಲರೂ ಹಿಗ್ಗಲಿಲ್ಲ. ಡೆನ್ಮಾರ್ಕಿಗೆ ಪಾಲು ಕೊಟ್ಟರೆ ಸ್ವಾತಂತ್ರ್ಯದ ಹಾದಿಗೆ ಅಡ್ಡಿ ಎಂದು ನಲೆರಾಕ್ ಪಕ್ಷ ಸರ್ಕಾರದಿಂದ ಹೊರನಡೆಯಿತು. 2021ರ ಚುನಾವಣೆ ಇನ್ನೂ ಸೊಗಸಾದ ಉದಾಹರಣೆ. ಕ್ವಾನೆಫ್ಯೆಲ್ಡ್ ಗಣಿಯಲ್ಲಿ ವಿರಳ ಭೂಲೋಹಗಳ (ರೇರ್ ಅರ್ತ್) ಜೊತೆ ಯುರೇನಿಯಂ ಇದೆ, ಕಂಪನಿಯಲ್ಲಿ ಚೀನಾದ ಶೆಂಘೆಯ ಪಾಲಿದೆ. ಇನುಯಿಟ್ ಅತಾಕತಿಗೀಟ್ ಪಕ್ಷ ಆ ಗಣಿ ಬೇಡವೆಂದು ಹೇಳಿ ಗೆದ್ದಿತು, ವರ್ಷ ಮುಗಿಯುವುದರೊಳಗೆ ಯುರೇನಿಯಂ ನಿಷೇಧದ ಕಾನೂನೂ ಬಂತು. ಅವರು ಮತ ಹಾಕಿದ್ದು ಭೂರಾಜಕೀಯಕ್ಕಲ್ಲ. ನಾರ್ಸಾಕ್ ಊರಿನ ಪಕ್ಕದಲ್ಲೇ ವಿಕಿರಣದ ಧೂಳು ಏಳುವುದು ಅವರಿಗೆ ಬೇಕಿರಲಿಲ್ಲ. ವಾಷಿಂಗ್ಟನ್‌ನಲ್ಲಿ ಅದನ್ನು ಚೀನಾಕ್ಕಾದ ಸೋಲು ಎಂದು ಓದಿಕೊಂಡರು.

ಗಮನಿಸಿ, ಅದೇ ವರ್ಷದ ಕೊನೆಗೆ ಗ್ರೀನ್‌ಲ್ಯಾಂಡ್ ಬೀಜಿಂಗ್‌ನಲ್ಲಿ ತನ್ನ ಪ್ರತಿನಿಧಿ ಕಚೇರಿ ತೆರೆಯಿತು. ಸಿಗಡಿ, ಹಾಲಿಬಟ್ ಮೀನಿಗೆ ಚೀನಾ ದೊಡ್ಡ ಮಾರುಕಟ್ಟೆ. ಗಣಿ ಬೇಡ, ಗಿರಾಕಿ ಬೇಕು. 2024ರಲ್ಲಿ ಹೊರಬಂದ ಅವರ ವಿದೇಶಾಂಗ ಮತ್ತು ರಕ್ಷಣಾ ನೀತಿಯ ಶೀರ್ಷಿಕೆಯೇ ‘ನಮ್ಮನ್ನು ಬಿಟ್ಟು ನಮ್ಮ ಬಗ್ಗೆ ಏನೂ ಇಲ್ಲ’ ಎಂಬರ್ಥದ್ದು.

ಅಂಕಿಸಂಖ್ಯೆ

2019ರ ಮೇ ತಿಂಗಳಲ್ಲಿ ಫಿನ್‌ಲ್ಯಾಂಡಿನ ರೊವಾನಿಯೆಮಿಯಲ್ಲಿ ಅಮೆರಿಕದ ವಿದೇಶಾಂಗ ಸಚಿವ ಪಾಂಪಿಯೊ ಮಾಡಿದ ಭಾಷಣವನ್ನು ಯಾರೂ ಎತ್ತಿಲ್ಲ. ಆರ್ಕ್ಟಿಕ್ ದೇಶಗಳಿವೆ, ಆರ್ಕ್ಟಿಕ್ ಅಲ್ಲದ ದೇಶಗಳಿವೆ, ಮೂರನೇ ವರ್ಗವಿಲ್ಲ ಎಂದರು. 2018ರ ಶ್ವೇತಪತ್ರದಲ್ಲಿ ಚೀನಾ ತನ್ನನ್ನು ‘ಆರ್ಕ್ಟಿಕ್ ಸಮೀಪದ ದೇಶ’ ಎಂದು ಕರೆದುಕೊಂಡದ್ದಕ್ಕೆ ಅದು ಉತ್ತರ. ಚೀನಾದ ಉತ್ತರ ತುದಿಯಿಂದ ಆರ್ಕ್ಟಿಕ್ ವೃತ್ತಕ್ಕೆ ಸುಮಾರು 1,400 ಕಿಲೋಮೀಟರ್ ದೂರವಿದೆ ನಿಜ. ಆದರೆ ಬ್ರಿಟನ್ ಕೂಡ ತನ್ನ ನೀತಿ ಪತ್ರಗಳಲ್ಲಿ ತಾನು ಆರ್ಕ್ಟಿಕ್‌ನ ಅತಿ ಹತ್ತಿರದ ನೆರೆಮನೆ ಎಂದು ಬರೆದುಕೊಳ್ಳುತ್ತದೆ, ಯಾರೂ ಹುಬ್ಬೇರಿಸುವುದಿಲ್ಲ.

ಅಲ್ಲಿ ನಡೆದ ಆರ್ಕ್ಟಿಕ್ ಮಂಡಳಿಯ (ಎಂಟು ಆರ್ಕ್ಟಿಕ್ ದೇಶಗಳ ಕೂಟ) ಸಭೆಯಲ್ಲಿ ಅದರ ಇತಿಹಾಸದಲ್ಲೇ ಮೊದಲ ಬಾರಿಗೆ ಜಂಟಿ ಘೋಷಣೆ ಹೊರಬೀಳಲಿಲ್ಲ. ಆದರೆ ಅದಕ್ಕೆ ಕಾರಣ ಚೀನಾ ಅಲ್ಲ, ಹವಾಮಾನ ಬದಲಾವಣೆಯ ಪ್ರಸ್ತಾಪವನ್ನು ಅಮೆರಿಕ ಒಪ್ಪದಿದ್ದದ್ದು. ಮೂರು ತಿಂಗಳಲ್ಲಿ ಗ್ರೀನ್‌ಲ್ಯಾಂಡ್ ಕೊಳ್ಳುವ ಟ್ರಂಪ್ ಮಾತು ಹೊರಬಂತು. 2025ರಲ್ಲಿ ಮತ್ತೆ ಬಂದಾಗ, ಚೀನಾ ಮತ್ತು ರಷ್ಯಾದ ಹಡಗುಗಳು ಎಲ್ಲೆಡೆ ಓಡಾಡುತ್ತಿವೆ ಎಂಬುದೇ ಸಮರ್ಥನೆ. ಆಗ ಗ್ರೀನ್‌ಲ್ಯಾಂಡಿನಲ್ಲಿ ಚೀನಾದ ಒಂದು ಗಣಿಯೂ ನಡೆಯುತ್ತಿರಲಿಲ್ಲ. ಚೀನೀ ಕಂಪನಿಯ ಕೈಯಲ್ಲಿದ್ದ ಇಸುವಾ ಕಬ್ಬಿಣದ ಅದಿರಿನ ಪರವಾನಗಿಯೂ 2021ರಲ್ಲೇ ರದ್ದಾಗಿತ್ತು. ಡೆನ್ಮಾರ್ಕ್ 2025ರ ಜನವರಿಯಲ್ಲಿ 1,460 ಕೋಟಿ, ಅಕ್ಟೋಬರಿನಲ್ಲಿ 2,740 ಕೋಟಿ ಕ್ರೋನರ್‌ಗಳ ಆರ್ಕ್ಟಿಕ್ ರಕ್ಷಣಾ ಪ್ಯಾಕೇಜ್ ಪ್ರಕಟಿಸಿತು. ಚೀನಾದ ಹೆದರಿಕೆಗೆ 70 ಕೋಟಿ, ಮಿತ್ರರಾಷ್ಟ್ರದ ಹೆದರಿಕೆಗೆ ನಾಲ್ಕು ಸಾವಿರ ಕೋಟಿ! ಯಾವ ಮಹಾಶಕ್ತಿ ಯಾರ ಧ್ರುವ ನೀತಿಯನ್ನು ಹೆಚ್ಚು ಬದಲಿಸಿತು ಎಂದು ನೀವೇ ಹೇಳಿ.

ಕೊಂಕುನೋಟ

ಈ ಕೊನೆಯ ಸಾಲಿಗೆ ನನ್ನ ನಮಸ್ಕಾರ.

ಹಡಗುದಾರಿ

ವ್ಯಾಪಾರಿ ಹಡಗುಗಳ ಲೆಕ್ಕ ನೋಡುವವನಾಗಿ ಒಂದು ಮಾತು. ಆರ್ಕ್ಟಿಕ್ ಹಡಗುದಾರಿಗೆ ಚೀನಾ ಇಟ್ಟ ಹೆಸರು ‘ಧ್ರುವ ರೇಷ್ಮೆ ಮಾರ್ಗ’; ಅದರ ಬಗ್ಗೆ ಬರುವ ಲೇಖನಗಳಲ್ಲಿ ಅರ್ಧ ಉತ್ಪ್ರೇಕ್ಷೆ. 2025ರ ಶರತ್ಕಾಲದಲ್ಲಿ ಇಸ್ತಾಂಬುಲ್ ಬ್ರಿಡ್ಜ್ ಎಂಬ ಕಂಟೇನರ್ ಹಡಗು ನಿಂಗ್ಬೊದಿಂದ ಬ್ರಿಟನ್ನಿನ ಫೆಲಿಕ್ಸ್‌ಸ್ಟೋವ್‌ಗೆ ರಷ್ಯಾದ ಉತ್ತರ ಕರಾವಳಿಯ ಮೂಲಕ ಸುಮಾರು 20 ದಿನಗಳಲ್ಲಿ ತಲುಪಿತು. ಆಫ್ರಿಕಾ ಸುತ್ತಿ ಬರುವ ಹಾದಿಗೆ ಹೋಲಿಸಿದರೆ ಅರ್ಧಕ್ಕಿಂತಲೂ ಕಡಿಮೆ. ಸುದ್ದಿಯಾಗಲು ಅಷ್ಟು ಸಾಕು.

ಆದರೆ ‘ಉತ್ತರ ಸಮುದ್ರ ಮಾರ್ಗ’ ಎನಿಸಿದ ಆ ದಾರಿಯಲ್ಲಿ 2024ರಲ್ಲಿ ಸಾಗಿದ ಒಟ್ಟು ಸರಕು ಸುಮಾರು 3.8 ಕೋಟಿ ಟನ್, ರಷ್ಯಾ ಆ ವರ್ಷಕ್ಕೆ ಇಟ್ಟುಕೊಂಡಿದ್ದ ಗುರಿ 8 ಕೋಟಿ. ಸಾಗಿದ್ದರಲ್ಲಿ ಬಹುಪಾಲು ರಷ್ಯಾದ ಬಂದರುಗಳಿಂದಲೇ ಹೊರಟ ಅನಿಲ, ತೈಲ, ಅದಿರು. ಈ ತುದಿಯಿಂದ ಆ ತುದಿಗೆ ಹಾದುಹೋದದ್ದು ಸುಮಾರು 30 ಲಕ್ಷ ಟನ್. ಎಂದಿನ ವರ್ಷದಲ್ಲಿ ಸೂಯೆಜ್ ಕಾಲುವೆಯಲ್ಲಿ 100 ಕೋಟಿ ಟನ್‌ಗೂ ಹೆಚ್ಚು ಸಾಗುತ್ತದೆ. ಆ ದಾರಿಯಲ್ಲಿ ಸಿಗುವ ಸಾನ್ನಿಕೋವ್ ಜಲಸಂಧಿಯ ಆಳ ಕಡಿಮೆ, ಸುಮಾರು 13 ಮೀಟರ್; ದೈತ್ಯ ಕಂಟೇನರ್ ಹಡಗು ಅಲ್ಲಿ ತೂರುವುದಿಲ್ಲ, ದ್ವೀಪಗಳ ಉತ್ತರಕ್ಕೆ ಸುತ್ತಿ ಹೋದರೆ ಮಂಜುಗಡ್ಡೆ ಹೆಚ್ಚು. ನಾಲ್ಕು ತಿಂಗಳು ತೆರೆದು ಎಂಟು ತಿಂಗಳು ಕೈಕೊಡುವ ದಾರಿಯಲ್ಲಿ ವಾರದ ವೇಳಾಪಟ್ಟಿ ನಡೆಸಲಾಗದು. ಅದಕ್ಕೇ 2013ರಲ್ಲಿ ಯೋಂಗ್ ಶೆಂಗ್ ಹಡಗು ಕಳಿಸಿ ಮೊದಲು ಕಾಲಿಟ್ಟ ಚೀನಾದ ಕಾಸ್ಕೊ ಕಂಪನಿ ರಷ್ಯಾ ಮೇಲಿನ 2022ರ ನಿರ್ಬಂಧಗಳ ನಂತರ ಸದ್ದಿಲ್ಲದೆ ಹಿಂದೆ ಸರಿಯಿತು. ಈಗ ಓಡಾಡುತ್ತಿರುವುದು ಕಳೆದುಕೊಳ್ಳಲು ಹೆಚ್ಚೇನೂ ಇಲ್ಲದ ಸಣ್ಣ ಕಂಪನಿಗಳು.

ಆ ಸಣ್ಣ ಕಂಪನಿಗಳೇ ಯುರೋಪಿನ ನಿದ್ದೆ ಕೆಡಿಸಿದ್ದು ಬೇರೆ ಕತೆ. 2023ರ ಅಕ್ಟೋಬರಿನಲ್ಲಿ ನ್ಯೂನ್ಯೂ ಪೋಲಾರ್ ಬೇರ್ ಎಂಬ ಹಡಗಿನ ಲಂಗರು ಎಳೆದಾಡಿ ಫಿನ್‌ಲ್ಯಾಂಡ್ ಮತ್ತು ಎಸ್ಟೋನಿಯಾ ನಡುವಿನ ಬಾಲ್ಟಿಕ್‌ಕನೆಕ್ಟರ್ ಅನಿಲ ಕೊಳವೆ ಹರಿಯಿತು. ಬಿರುಗಾಳಿಯಲ್ಲಿ ಆದ ಅಪಘಾತ ಎಂದು ಚೀನಾ ಮರುವರ್ಷ ಒಪ್ಪಿಕೊಂಡಿತು. ನಂಬುವುದು ಬಿಡುವುದು ಅವರವರಿಗೆ. ಬಾಲ್ಟಿಕ್ ದೇಶಗಳು ಸಮುದ್ರತಳದ ಕೇಬಲ್‌ಗಳನ್ನು ಕಾಯುವುದನ್ನು ಗಂಭೀರವಾಗಿ ತೆಗೆದುಕೊಂಡದ್ದು ಅಲ್ಲಿಂದ.

ಉತ್ತರದಿಕ್ಕು

ರಷ್ಯಾದ ಬಗ್ಗೆ ಯಾರೂ ಸರಿಯಾಗಿ ಮಾತನಾಡಿಲ್ಲ. ಚೀನಾದಿಂದ ಧ್ರುವ ನೀತಿ ನಿಜವಾಗಿ ತಲೆಕೆಳಗಾದ ದೇಶ ಅದು, ಅದೂ ತನ್ನ ಇಚ್ಛೆಗೆ ವಿರುದ್ಧವಾಗಿ. 2013ರಲ್ಲಿ ಸ್ವೀಡನ್ನಿನ ಕಿರುನಾದಲ್ಲಿ ಚೀನಾ, ಭಾರತ, ಜಪಾನ್, ದಕ್ಷಿಣ ಕೊರಿಯಾ, ಸಿಂಗಪುರ, ಇಟಲಿಗಳಿಗೆ ಆರ್ಕ್ಟಿಕ್ ಮಂಡಳಿಯ ವೀಕ್ಷಕ ಸ್ಥಾನ ಸಿಕ್ಕಿತಲ್ಲ, ಅದಕ್ಕೆ ಮೊದಲು ಹೊರಗಿನವರನ್ನು ಬಿಟ್ಟುಕೊಳ್ಳಲು ಹಿಂಜರಿಯುತ್ತಿದ್ದವರಲ್ಲಿ ರಷ್ಯಾ ಮುಂಚೂಣಿಯಲ್ಲಿತ್ತು. ಮರುವರ್ಷ ರಷ್ಯಾ ಉಕ್ರೇನಿನ ಕ್ರೈಮಿಯಾವನ್ನು ವಶಪಡಿಸಿಕೊಂಡಿತು, ಪಾಶ್ಚಾತ್ಯ ಸಾಲ ನಿಂತಿತು. ರಷ್ಯಾದ ಆರ್ಕ್ಟಿಕ್ ತೀರದ ಯಮಾಲ್ ಅನಿಲ ಯೋಜನೆಯನ್ನು ಉಳಿಸಿದ್ದು 2016ರಲ್ಲಿ ಚೀನಾದ ಎರಡು ಬ್ಯಾಂಕುಗಳು ಕೊಟ್ಟ, ಒಟ್ಟು ಸುಮಾರು 1,200 ಕೋಟಿ ಡಾಲರ್ ಮೌಲ್ಯದ ಸಾಲ. ಚೀನಾದ ರಾಷ್ಟ್ರೀಯ ಪೆಟ್ರೋಲಿಯಂ ಕಂಪನಿಗೆ ಶೇ 20, ರೇಷ್ಮೆ ಮಾರ್ಗ ನಿಧಿಗೆ ಶೇ 9.9 ಪಾಲು. ಸಂಭ್ರಮದಿಂದ ಕೊಟ್ಟದ್ದಲ್ಲ.

ನಂಬಿಕೆ ಎಷ್ಟಿತ್ತು ಎಂಬುದಕ್ಕೆ: 2020ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಹಿರಿಯ ಆರ್ಕ್ಟಿಕ್ ವಿಜ್ಞಾನಿಯೊಬ್ಬರ ಮೇಲೆ ಚೀನಾಕ್ಕೆ ರಹಸ್ಯ ಮಾಹಿತಿ ಕೊಟ್ಟ ದೇಶದ್ರೋಹದ ಆರೋಪ ಹೊರಿಸಲಾಯಿತು. ಮೂರೇ ವರ್ಷಗಳ ನಂತರ, 2023ರ ಏಪ್ರಿಲಿನಲ್ಲಿ, ಅದೇ ರಷ್ಯಾದ ಭದ್ರತಾ ಸಂಸ್ಥೆ ಮುರ್ಮಾನ್ಸ್ಕ್‌ನಲ್ಲಿ ಚೀನಾದ ಕರಾವಳಿ ಪಡೆಯೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿತು. 2024ರ ಜುಲೈನಲ್ಲಿ ಎರಡೂ ದೇಶಗಳ ಬಾಂಬರ್ ವಿಮಾನಗಳು ಜೊತೆಯಾಗಿ ಅಲಾಸ್ಕಾ ಬಳಿ ಹಾರಿದವು, ಅಕ್ಟೋಬರಿನಲ್ಲಿ ಚೀನಾದ ಕರಾವಳಿ ಪಡೆ ಆರ್ಕ್ಟಿಕ್ ಸಾಗರಕ್ಕೆ ಬಂದೆವೆಂದು ಹೇಳಿಕೊಂಡಿತು. ಈ ನಡುವೆ ಏನಾಯಿತೆಂದರೆ ಉಕ್ರೇನ್ ಯುದ್ಧ. 2022ರ ಮಾರ್ಚಿನಲ್ಲಿ ಉಳಿದ ಏಳು ದೇಶಗಳು ಮಂಡಳಿಯ ಕೆಲಸ ನಿಲ್ಲಿಸಿದವು, ಫಿನ್‌ಲ್ಯಾಂಡ್ ಮತ್ತು ಸ್ವೀಡನ್ ನ್ಯಾಟೊ ಸೇರಿದವು. ಅಲ್ಲಿಗೆ ಮಂಡಳಿಯಲ್ಲಿ ರಷ್ಯಾ ಒಬ್ಬಂಟಿ. 2023ರಲ್ಲಿ ರಷ್ಯಾ ತನ್ನ ಆರ್ಕ್ಟಿಕ್ ನೀತಿಯ ಪಠ್ಯ ತಿದ್ದಿ, ಮಂಡಳಿಯ ಉಲ್ಲೇಖ ತೆಗೆದು, ರಾಷ್ಟ್ರೀಯ ಹಿತಾಸಕ್ತಿಯ ಸಾಲುಗಳನ್ನು ಸೇರಿಸಿತು.

ಹಾಗೆಂದು ಬಾಗಿಲು ಪೂರ್ತಿ ತೆರೆದಿಲ್ಲ. ಉತ್ತರ ಸಮುದ್ರ ಮಾರ್ಗದ ಅನುಮತಿ ಪತ್ರ ಇಂದಿಗೂ ರಷ್ಯಾದ ಸರ್ಕಾರಿ ಅಣುಶಕ್ತಿ ಸಂಸ್ಥೆ ರೊಸಾಟಮ್ ಕೈಯಲ್ಲಿದೆ. ಸ್ವಾಲ್ಬಾರ್ಡ್‌ನಲ್ಲಿ ಸಂಶೋಧನೆಗೆ ಬನ್ನಿ ಎಂದು ಬ್ರಿಕ್ಸ್ ದೇಶಗಳನ್ನೆಲ್ಲ ರಷ್ಯಾ ಕರೆಯುತ್ತಿರುವುದರ ಹಿಂದೆ, ಒಬ್ಬನೇ ಪಾಲುದಾರನ ಮುಷ್ಟಿಗೆ ಸಿಗಬಾರದೆಂಬ ಲೆಕ್ಕಾಚಾರ ನನಗೆ ಕಾಣುತ್ತದೆ.

ಕುತೂಹಲಿ

ದಕ್ಷಿಣ ಧ್ರುವದಲ್ಲೂ ಇದೇ ಕತೆಯೇ? 2048ಕ್ಕೆ ಅಂಟಾರ್ಕ್ಟಿಕಾ ಒಪ್ಪಂದ ಮುಗಿದು ಎಲ್ಲರೂ ಗಣಿ ತೋಡಲು ಓಡುತ್ತಾರೆ, ಚೀನಾ ಈಗಲೇ ಜಾಗ ಹಿಡಿದಿದೆ ಎಂದು ಎಲ್ಲೋ ಓದಿದೆ.

ಹಿಮಶಿಖರ

2048ರಲ್ಲಿ ಏನೂ ಮುಗಿಯುವುದಿಲ್ಲ. ಎಷ್ಟು ಸಲ ಹೇಳಿದರೂ ಈ ಕತೆ ಸಾಯುತ್ತಿಲ್ಲ. 1959ರ ಒಪ್ಪಂದಕ್ಕೆ ಅವಧಿಯೇ ಇಲ್ಲ. ಗಣಿಗಾರಿಕೆ ನಿಷೇಧಿಸಿದ್ದು 1991ರ ಮ್ಯಾಡ್ರಿಡ್ ಶಿಷ್ಟಾಚಾರ, ಜಾರಿಗೆ ಬಂದದ್ದು 1998ರಲ್ಲಿ. ಐವತ್ತು ವರ್ಷಗಳ ನಂತರ ತೀರ್ಮಾನದಲ್ಲಿ ಪಾಲಿರುವ ಯಾವುದೇ ‘ಸಲಹಾ ಸದಸ್ಯ’ ದೇಶ ಪುನರ್‌ವಿಮರ್ಶೆ ಕೇಳಬಹುದು, ಅಷ್ಟೇ. ನಿಷೇಧ ಎತ್ತಬೇಕಾದರೆ ಅದಕ್ಕೆ ಮೊದಲು ಗಣಿಗಾರಿಕೆಯನ್ನು ನಿಯಂತ್ರಿಸುವ, ಎಲ್ಲರನ್ನೂ ಕಟ್ಟಿಹಾಕುವ ಕಾನೂನು ವ್ಯವಸ್ಥೆ ಇರಬೇಕು ಎಂಬ ಷರತ್ತೂ ಇದೆ.

ಆದರೆ ನಿಮ್ಮ ಮೊದಲ ಪ್ರಶ್ನೆ ಒಳ್ಳೆಯದು, ಉತ್ತರ ‘ಅಲ್ಲ’. ನಕ್ಷೆಗಾರರ ವಾದ ದಕ್ಷಿಣದಲ್ಲಿ ನಡೆಯುವುದಿಲ್ಲ. ಉತ್ತರದಲ್ಲಿ ಪ್ರತಿ ಅಂಗುಲ ನೆಲಕ್ಕೂ ಒಡೆಯನಿದ್ದಾನೆ, ಅವನು ಇಲ್ಲವೆಂದರೆ ಮುಗಿಯಿತು. ದಕ್ಷಿಣದಲ್ಲಿ ಇಲ್ಲವೆನ್ನುವವರೇ ಇಲ್ಲ. ಅಂಟಾರ್ಕ್ಟಿಕಾದ ಶೇ 42ರಷ್ಟು ನಮ್ಮದೆಂದು ಆಸ್ಟ್ರೇಲಿಯ ಹೇಳುತ್ತದೆ, ಒಪ್ಪುವ ದೇಶಗಳು ಬೆರಳೆಣಿಕೆಯಷ್ಟು. ಒಪ್ಪಂದದ ನಾಲ್ಕನೇ ವಿಧಿ ಹಕ್ಕುಸಾಧನೆಗಳನ್ನೆಲ್ಲ ಇದ್ದಲ್ಲೇ ಹೆಪ್ಪುಗಟ್ಟಿಸಿದೆ. ಹಾಗಾಗಿ ಚೀನಾ 1985ರಲ್ಲಿ ಗ್ರೇಟ್ ವಾಲ್, 1989ರಲ್ಲಿ ಝೋಂಗ್‌ಶಾನ್, 2009ರಲ್ಲಿ ಸಮುದ್ರಮಟ್ಟದಿಂದ ನಾಲ್ಕು ಸಾವಿರ ಮೀಟರ್ ಎತ್ತರದ ಡೋಮ್ ‘ಎ’ಯಲ್ಲಿ ಕುನ್‌ಲುನ್, 2014ರಲ್ಲಿ ತೈಶಾನ್, 2024ರ ಫೆಬ್ರುವರಿಯಲ್ಲಿ ರಾಸ್ ಸಮುದ್ರದ ದಂಡೆಯಲ್ಲಿ ಕಿನ್‌ಲಿಂಗ್ ಕಟ್ಟುತ್ತಾ ಹೋಯಿತು. ಐದರಲ್ಲಿ ಮೂರು ಆಸ್ಟ್ರೇಲಿಯ ತನ್ನದೆನ್ನುವ ಭಾಗದಲ್ಲಿವೆ. ಯಾರ ಅನುಮತಿಯೂ ಬೇಕಿರಲಿಲ್ಲ, ಪರಿಸರ ಪರಿಣಾಮದ ವರದಿ ಮಂಡಿಸಿದರೆ ಸಾಕು.

ಉಳಿದವರಿಗೆ ಇದ್ದದ್ದು ಒಂದೇ ದಾರಿ: ತಾವೂ ಅಲ್ಲಿ ಹೆಚ್ಚು ಕಾಣಿಸಿಕೊಳ್ಳುವುದು. ಆಸ್ಟ್ರೇಲಿಯ 2016ರಲ್ಲಿ ಇಪ್ಪತ್ತು ವರ್ಷಗಳ ಯೋಜನೆ ಬರೆಯಿತು, ನುಯಿನಾ ಎಂಬ ಹೊಸ ಹಿಮಭಂಜಕ ಹಡಗು ತರಿಸಿತು, 2022ರಲ್ಲಿ ಹತ್ತು ವರ್ಷಕ್ಕೆ 80.4 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಡುವುದಾಗಿ ಹೇಳಿತು. ಆ ಹಡಗಿನ ಫಜೀತಿ ಕೇಳಿ. ತವರು ಬಂದರು ಹೋಬಾರ್ಟ್‌ನಲ್ಲಿ ಇಂಧನ ತುಂಬುವ ಕಟ್ಟೆ ಸೇತುವೆಯ ಆಚೆಗಿದೆ, ಸೇತುವೆಯ ಕೆಳಗೆ ಹಾಯಲು ಬಂದರು ಅಧಿಕಾರಿ ಅನುಮತಿ ಕೊಡಲಿಲ್ಲ. ಡೀಸೆಲ್ಲಿಗಾಗಿ ದ್ವೀಪದ ಇನ್ನೊಂದು ತುದಿಯ ಬರ್ನಿ ಬಂದರಿಗೆ ಹೋಗಿ ಬರಬೇಕಾಯಿತು! ಡೇವಿಸ್ ನೆಲೆಯಲ್ಲಿ ಕಾಂಕ್ರೀಟ್ ರನ್‌ವೇ ಕಟ್ಟುವ ದೊಡ್ಡ ಯೋಜನೆಯನ್ನು ಪರಿಸರ ಮತ್ತು ಖರ್ಚಿನ ಕಾರಣಕ್ಕೆ 2021ರಲ್ಲಿ ಕೈಬಿಟ್ಟರು. ಅಮೆರಿಕ 2024ರ ಮೇ ತಿಂಗಳಲ್ಲಿ, ಮೂರು ದಶಕಗಳ ನಂತರ, ಅಂಟಾರ್ಕ್ಟಿಕಾ ನೀತಿಯನ್ನು ಹೊಸದಾಗಿ ಬರೆಯಿತು. ಮರುವರ್ಷದ ಬಜೆಟ್ ಪ್ರಸ್ತಾವದಲ್ಲಿ ಅಲ್ಲಿ ಕೆಲಸ ಮಾಡುವ ಸಂಶೋಧನಾ ಹಡಗಿನ ಗುತ್ತಿಗೆ ಮುಗಿಸುವ ಮಾತು. ನೀತಿ ಬರೆಯುವುದು ಅಗ್ಗ, ಹಡಗು ದುಬಾರಿ.

ನಕ್ಷೆಗಾರ

ದಕ್ಷಿಣದಲ್ಲಿ ಚೀನಾಕ್ಕೆ ಯಾರೂ ಇಲ್ಲವೆನ್ನಲಿಲ್ಲವೇ? ಡೋಮ್ ‘ಎ’ ಸುತ್ತ ವಿಶೇಷ ನಿರ್ವಹಣಾ ಪ್ರದೇಶ ಕೇಳಿದಾಗ ಏನಾಯಿತು?

ಹಿಮಶಿಖರ

2013ರಿಂದ ಕೇಳಿತು, ಸಿಗಲಿಲ್ಲ. ಹಲವು ದೇಶಗಳ ಚಟುವಟಿಕೆ ಒಂದೇ ಕಡೆ ಅಡ್ಡಬರುವಾಗ ಹೊಂದಿಸಲು ಇರುವ ವ್ಯವಸ್ಥೆ ಅದು. ಅಲ್ಲಿ ಚೀನಾ ಬಿಟ್ಟರೆ ಯಾರೂ ಇರಲಿಲ್ಲ. ಆದರೆ ಗಮನಿಸಬೇಕಾದ್ದು ಇನ್ನೊಂದು ಕಡೆ. ಅಲ್ಲಿ ಎಲ್ಲ ತೀರ್ಮಾನವೂ ಸರ್ವಾನುಮತದಿಂದ ಆಗಬೇಕು, ಹಾಗಾಗಿ ‘ಇಲ್ಲ’ ಎನ್ನುವ ಬಲ ಚೀನಾದ ಕೈಯಲ್ಲೂ ಇದೆ. ರಾಸ್ ಸಮುದ್ರದ 15.5 ಲಕ್ಷ ಚದರ ಕಿಲೋಮೀಟರ್ ರಕ್ಷಿತ ಪ್ರದೇಶಕ್ಕೆ 2016ರಲ್ಲಿ ಒಪ್ಪಿದ ಚೀನಾ, ಪೂರ್ವ ಅಂಟಾರ್ಕ್ಟಿಕಾ ಮತ್ತು ವೆಡ್ಡೆಲ್ ಸಮುದ್ರದ ಪ್ರಸ್ತಾವಗಳಿಗೆ ರಷ್ಯಾ ಜೊತೆ ಸೇರಿ ವರ್ಷವರ್ಷವೂ ಅಡ್ಡ ನಿಂತಿದೆ. 2022ರಲ್ಲಿ ಎಂಪರರ್ ಪೆಂಗ್ವಿನ್‌ಗಳಿಗೆ ವಿಶೇಷ ರಕ್ಷಣೆ ಕೊಡುವುದನ್ನೂ ತಡೆಯಿತು. ಸಿಗಡಿಯಂಥ ಪುಟ್ಟ ಕಡಲಜೀವಿ ಕ್ರಿಲ್ ಹಿಡಿಯುವುದನ್ನು ಬೇರೆ ಬೇರೆ ವಲಯಗಳಿಗೆ ಹಂಚುತ್ತಿದ್ದ ನಿಯಮ 2024ರಲ್ಲಿ ಬಿದ್ದುಹೋಯಿತು. 2025ರಲ್ಲಿ ಮೊದಲ ಬಾರಿಗೆ 6.2 ಲಕ್ಷ ಟನ್ ಮಿತಿ ಮುಟ್ಟಿ ಋತುವಿನ ಮಧ್ಯೆಯೇ ಮೀನುಗಾರಿಕೆ ಮುಚ್ಚಬೇಕಾಯಿತು. ಕ್ರಿಲ್ ಹಿಡಿಯುವುದರಲ್ಲಿ ನಾರ್ವೆ ಎಲ್ಲರಿಗಿಂತ ಮುಂದೆ, ಅದನ್ನೂ ಮರೆಯಬೇಡಿ.

ಬೇಲಿಯಾಚೆ

ಭಾರತದ ವಿಷಯಕ್ಕೆ ಬನ್ನಿ. ಚೀನಾ ಸ್ವಾಲ್ಬಾರ್ಡ್‌ನ ನೈ-ಒಲೆಸುಂಡ್‌ನಲ್ಲಿ ಯೆಲ್ಲೋ ರಿವರ್ ಕೇಂದ್ರ ತೆರೆದದ್ದು 2004ರಲ್ಲಿ, ನಮ್ಮ ಹಿಮಾದ್ರಿ 2008ರಲ್ಲಿ. ಚೀನಾದ ಆರ್ಕ್ಟಿಕ್ ಶ್ವೇತಪತ್ರ 2018ರಲ್ಲಿ, ನಮ್ಮ ಆರ್ಕ್ಟಿಕ್ ನೀತಿ 2022ರಲ್ಲಿ. ಝೋಂಗ್‌ಶಾನ್ ಇರುವ ಲಾರ್ಸ್‌ಮನ್ ಬೆಟ್ಟಗಳಲ್ಲೇ 2012ರಲ್ಲಿ ಭಾರತಿ ಕೇಂದ್ರ. ಅವರು ಹೋದ ದಾರಿಯಲ್ಲಿ ವರ್ಷಗಳು ಕಳೆದ ಮೇಲೆ ನಾವು. ಇದು ನೀತಿಯೋ, ಹಿಂಬಾಲಿಸುವಿಕೆಯೋ?

ತೆಂಕಣಗಾಳಿ

ಆರಿಸಿ ಆರಿಸಿ ವರ್ಷಗಳನ್ನು ಜೋಡಿಸಿದರೆ ಯಾರನ್ನು ಬೇಕಾದರೂ ಹಿಂಬಾಲಕ ಮಾಡಬಹುದು. ಅಂಟಾರ್ಕ್ಟಿಕಾದಲ್ಲಿ ಭಾರತ ಸಲಹಾ ಸದಸ್ಯನಾದದ್ದು 1983ರಲ್ಲಿ, ಚೀನಾ 1985ರಲ್ಲಿ. ದಕ್ಷಿಣ ಗಂಗೋತ್ರಿ ಕೇಂದ್ರ ಗ್ರೇಟ್ ವಾಲ್‌ಗಿಂತ ಹಳೆಯದು. ಸ್ವಾಲ್ಬಾರ್ಡ್ ಒಪ್ಪಂದದಲ್ಲಿ ಬ್ರಿಟಿಷ್ ಭಾರತದ ಹೆಸರು 1920ರಲ್ಲೇ ಇದೆ, ಚೀನಾ ಸೇರಿದ್ದು 1925ರಲ್ಲಿ. 2022ರ ನೀತಿಯಲ್ಲಿ ಇರುವ ಆರು ಆಧಾರಸ್ತಂಭಗಳಲ್ಲಿ ಮೊದಲನೆಯದು ವಿಜ್ಞಾನ. ಆರ್ಕ್ಟಿಕ್ ಕರಗುವುದಕ್ಕೂ ನಮ್ಮ ಮುಂಗಾರಿಗೂ ಇರುವ ನಂಟು, ಮೂರನೇ ಧ್ರುವವೆನಿಸಿದ ಹಿಮಾಲಯ, ಇವು ಚೀನಾವನ್ನು ನೋಡಿ ಬರೆದ ವಿಷಯಗಳಲ್ಲ. ಸ್ವಾಲ್ಬಾರ್ಡ್‌ನ ಕಾಂಗ್ಸ್‌ಫ್ಯೋರ್ಡ್‌ನಲ್ಲಿ 2014ರಲ್ಲಿ ಇಳಿಸಿದ ಇಂಡಾರ್ಕ್ ನೀರಿನಾಳದ ಅಳತೆ ಕೇಂದ್ರ ಈ ಪ್ರಶ್ನೆಗಾಗಿಯೇ ಇರುವುದು.

ಬೇಲಿಯಾಚೆ

ವಿಜ್ಞಾನದ ಬಗ್ಗೆ ತಕರಾರಿಲ್ಲ. ಹಡಗೆಲ್ಲಿದೆ? ನಾಲ್ಕು ದಶಕಗಳಿಂದ ಅಂಟಾರ್ಕ್ಟಿಕಾಗೆ ಬಾಡಿಗೆ ಹಡಗಿನಲ್ಲಿ ಹೋಗುತ್ತಿದ್ದೇವೆ. ಚೀನಾ 1993ರಲ್ಲಿ ಉಕ್ರೇನ್‌ನಿಂದ ಶ್ವೆಲಾಂಗ್ ಕೊಂಡಿತು, 2019ರಲ್ಲಿ ಫಿನ್‌ಲ್ಯಾಂಡಿನ ತಜ್ಞರ ವಿನ್ಯಾಸದ ನೆರವಿನಿಂದ ಶ್ವೆಲಾಂಗ್-2 ತಾನೇ ಕಟ್ಟಿತು, 2024ರಲ್ಲಿ ಜಿಡಿ. ಆ ವರ್ಷದ ಬೇಸಿಗೆಯಲ್ಲಿ ಮೂರು ಹಿಮಭಂಜಕ ಹಡಗುಗಳನ್ನು ಒಟ್ಟಿಗೆ ಆರ್ಕ್ಟಿಕ್‌ಗೆ ಕಳಿಸಿತು. ನಮ್ಮಲ್ಲಿ ಧ್ರುವ ಸಂಶೋಧನಾ ಹಡಗಿಗೆ ದಶಕಕ್ಕೂ ಹಿಂದೆ ಒಪ್ಪಿಗೆ ಸಿಕ್ಕಿ ಕಡತದಲ್ಲೇ ಉಳಿಯಿತು. 2025ರ ಜೂನ್‌ನಲ್ಲಿ ಕೋಲ್ಕತ್ತದ ಗಾರ್ಡನ್ ರೀಚ್ ನೌಕಾ ಕಾರ್ಖಾನೆ ನಾರ್ವೆಯ ಕೊಂಗ್ಸ್‌ಬೆರ್ಗ್ ಜೊತೆ ತಿಳಿವಳಿಕೆ ಪತ್ರಕ್ಕೆ ಸಹಿ ಹಾಕಿದೆ. ಪತ್ರ ಮಂಜುಗಡ್ಡೆ ಒಡೆಯುವುದಿಲ್ಲ.

ಹಡಗುದಾರಿ

ಹಡಗಿನ ವಿಷಯದಲ್ಲಿ ಅಮೆರಿಕದ ಪಾಡೂ ಅದೇ, ನಾವು ಒಬ್ಬರೇ ಅಲ್ಲ. ಅವರ ಏಕೈಕ ಭಾರೀ ಹಿಮಭಂಜಕ ಹಡಗು ಪೋಲಾರ್ ಸ್ಟಾರ್ 1976ರದ್ದು. ಹೊಸದಕ್ಕೆ 2019ರಲ್ಲಿ ಗುತ್ತಿಗೆ ಕೊಟ್ಟರು, ಇನ್ನೂ ಬಂದಿಲ್ಲ. ಸಾಲದೆಂದು ತೈಲ ಕಂಪನಿಗಾಗಿ ಕಟ್ಟಿದ್ದ ಹಳೆಯ ಹಡಗೊಂದನ್ನು ಕೊಂಡು, ಬಣ್ಣ ಬಳಿದು, 2025ರಲ್ಲಿ ಸ್ಟೋರಿಸ್ ಎಂದು ಹೆಸರಿಟ್ಟು ಸೇವೆಗೆ ಇಳಿಸಿದರು. 2024ರಲ್ಲಿ ಕೆನಡಾ, ಫಿನ್‌ಲ್ಯಾಂಡ್ ಜೊತೆ ಸೇರಿ ಹಡಗು ಕಟ್ಟುವ ಕೂಟ ಮಾಡಿಕೊಂಡರು, 2025ರ ಅಕ್ಟೋಬರಿನಲ್ಲಿ ನಾಲ್ಕು ಹಡಗುಗಳನ್ನು ಫಿನ್‌ಲ್ಯಾಂಡಿನಲ್ಲೇ ಕಟ್ಟಿಸಲು ತೀರ್ಮಾನಿಸಿದರು. ತಮ್ಮ ಪಡೆಯ ಹಡಗು ತಮ್ಮ ನೆಲದಲ್ಲೇ ಕಟ್ಟಬೇಕೆಂಬ ಹಠ ಹಿಡಿದ ದೇಶ ಅದನ್ನು ಸಡಿಲಿಸಿದೆ. ಚೀನಾದ ಮಹತ್ವಾಕಾಂಕ್ಷೆಯಿಂದ ಆದ ನೀತಿ ಬದಲಾವಣೆಗಳಲ್ಲಿ ಕಣ್ಣಿಗೆ ಕಾಣುವಂಥದ್ದು ಇದೇ ಎನ್ನುತ್ತೇನೆ.

ಉತ್ತರದಿಕ್ಕು

ಭಾರತದ ಚರ್ಚೆಗೆ ಒಂದು ಸೇರ್ಪಡೆ. ಉತ್ತರ ಸಮುದ್ರ ಮಾರ್ಗದ ಬಗ್ಗೆ ರಷ್ಯಾ ಜೊತೆ ಜಂಟಿ ಕಾರ್ಯತಂಡ ಮಾಡಿಕೊಂಡ ನಾವು, ಹಡಗಿನ ವಿನ್ಯಾಸಕ್ಕೆ ನಾರ್ವೆಯ ಬಳಿ ಹೋಗಿದ್ದೇವೆ. ಚೀನಾದ ಮೇಲಿನ ಅನುಮಾನ ಎರಡೂ ಪಾಳೆಯಗಳಲ್ಲಿ ನಮಗೆ ಕುರ್ಚಿ ಹಾಕಿಸುತ್ತಿದೆ. ಎಷ್ಟು ದಿನ ಎರಡರಲ್ಲೂ ಕೂರಬಹುದು ಎಂಬುದು ಯುರೋಪಿನ ನಿರ್ಬಂಧಗಳು ಎಷ್ಟು ಬಿಗಿಯಾಗುತ್ತವೆ ಎಂಬುದರ ಮೇಲಿದೆ. ರಷ್ಯಾದ ಆರ್ಕ್ಟಿಕ್ ಎಲ್‌ಎನ್‌ಜಿ-2 ಯೋಜನೆಯ ನಿರ್ಬಂಧಿತ ಅನಿಲವನ್ನು 2025ರ ಆಗಸ್ಟಿನಿಂದ ಚೀನಾ ಬೇಹಾಯ್ ಬಂದರಿನಲ್ಲಿ ರಾಜಾರೋಷವಾಗಿ ಇಳಿಸಿಕೊಳ್ಳುತ್ತಿದೆ. ನಾವು ಹಾಗೆ ಇಳಿಸಿಕೊಳ್ಳುವ ಧೈರ್ಯ ತೋರಿಸಿಲ್ಲ, ತೋರಿಸದಿದ್ದದ್ದು ಜಾಣತನ ಎಂದೇ ನನ್ನ ಅಭಿಪ್ರಾಯ.

ಮಂಜಿನಹಾದಿ

ಎಲ್ಲರೂ ತಡೆದದ್ದು, ಹೆದರಿದ್ದು, ಪೈಪೋಟಿಗೆ ಬಿದ್ದದ್ದನ್ನೇ ಹೇಳುತ್ತಿದ್ದೀರಿ. ಚೀನಾವನ್ನು ಮೇಜಿನ ಬಳಿ ಕೂರಿಸಿ ಕೆಲಸ ಕೆಟ್ಟಿಲ್ಲದ ಉದಾಹರಣೆಯೂ ಇದೆ. ಮಧ್ಯ ಆರ್ಕ್ಟಿಕ್ ಸಾಗರದ ಸುಮಾರು 28 ಲಕ್ಷ ಚದರ ಕಿಲೋಮೀಟರ್ ಯಾರಿಗೂ ಸೇರದ ಕಡಲು. ಮಂಜು ಕರಗಿದರೆ ಮೊದಲು ಬರುವುದು ದೂರಸಾಗರದ ಮೀನು ಹಡಗುಗಳು. ಕರಾವಳಿಯ ಐದು ದೇಶಗಳು ತಾವಷ್ಟೇ ನಿಯಮ ಮಾಡಿಕೊಂಡಿದ್ದರೆ ಜಗತ್ತಿನ ಅತಿ ದೊಡ್ಡ ಮೀನುಗಾರಿಕೆ ಪಡೆಯನ್ನು ಅದು ಕಟ್ಟಿಹಾಕುತ್ತಿರಲಿಲ್ಲ. ಹಾಗಾಗಿ ಚೀನಾ, ಜಪಾನ್, ದಕ್ಷಿಣ ಕೊರಿಯಾ, ಐಸ್‌ಲ್ಯಾಂಡ್ ಮತ್ತು ಐರೋಪ್ಯ ಒಕ್ಕೂಟವನ್ನೂ ಕರೆದರು. 2018ರ ಅಕ್ಟೋಬರಿನಲ್ಲಿ ಇಲುಲಿಸ್ಸಾಟ್‌ನಲ್ಲಿ ಸಹಿಯಾಯಿತು, 2021ರ ಜೂನ್‌ನಲ್ಲಿ ಜಾರಿಗೆ ಬಂತು. ಹದಿನಾರು ವರ್ಷ ಅಲ್ಲಿ ವಾಣಿಜ್ಯ ಮೀನುಗಾರಿಕೆ ಇಲ್ಲ, ಮೊದಲು ವಿಜ್ಞಾನಿಗಳು ಲೆಕ್ಕ ಹಾಕಲಿ ಎಂದು. ಮೀನು ಹಿಡಿಯುವುದು ಶುರುವಾಗುವ ಮುಂಚೆಯೇ ಬೇಡವೆಂದು ಕೂತ ಒಪ್ಪಂದಗಳು ಎಷ್ಟಿವೆ ಹೇಳಿ.

ಕೊಂಕುನೋಟ

ಹಿಡಿಯುವಷ್ಟು ಮೀನು ಅಲ್ಲಿ ಇನ್ನೂ ಇಲ್ಲ. ಇಲ್ಲದ್ದನ್ನು ಬಿಟ್ಟುಕೊಡುವುದು ಎಲ್ಲರಿಗೂ ಸುಲಭ. ಮೀನು ಉತ್ತರಕ್ಕೆ ಸರಿದ ಮೇಲೆ, 2037ರಲ್ಲಿ ಐದೈದು ವರ್ಷ ಮುಂದುವರಿಸುವ ಪ್ರಶ್ನೆ ಬಂದಾಗ ನೋಡೋಣ. ಒಂದೇ ಒಂದು ದೇಶ ಆಕ್ಷೇಪಿಸಿದರೂ ಮುಂದುವರಿಕೆ ಇಲ್ಲ.

ಮಂಜಿನಹಾದಿ

ಆ ಒಂದು ದೇಶ ಚೀನಾವೇ ಆಗಿರಬೇಕು ಎಂದು ಏಕೆ ಅಂದುಕೊಂಡಿರಿ? ಹತ್ತು ಸಹಿಗಳಿವೆ, ಅದರಲ್ಲಿ ರಷ್ಯಾದ್ದೂ ಇದೆ, ಅಮೆರಿಕದ್ದೂ ಇದೆ.